ಎಂಟನೇ ಕಂಬ

ಇಂದ್ರಾಳಿಯ ಏರಿನಲ್ಲಿ, ಎಂಟನೇ ಕರೆಂಟು ಕಂಬದ ಬುಡದಲ್ಲಿ
ನಿಂತಿರುತ್ತಿತ್ತು ಅದು, ದಿನದ ಗಿರಾಕಿಯ ಹಾಗೆ.
ಕೈ ಅಡ್ಡ ಮಾಡುತ್ತಿತ್ತು. ನಾನು ನಿಲ್ಲುತ್ತಿದ್ದೆ.
ಎದೆಯ ನಡುವಿನಲ್ಲಿ ಹತ್ತಿ, ಎಡಭುಜದಲ್ಲಿ ಕೂತು,
ದವಡೆಯವರೆಗೆ ಒಂದು ಟಿಕೇಟು ಕೇಳಿ
ಮೂರು ನಿಮಿಷಕ್ಕೆ ಇಳಿದುಹೋಗುತ್ತಿತ್ತು.
ಚಿಲ್ಲರೆ ಬಾಕಿ ಇಲ್ಲ.

ಮೂವತ್ತೊಂದು ವರ್ಷ ಉಡುಪಿ ಸರ್ವಿಸ್ ಸ್ಟ್ಯಾಂಡಿನ ಟೈಮ್ ಕೀಪರು ನಾನು,
ಲೋಕಯ್ಯ ಸೇರಿಗಾರ.
ಎರಡು ನಿಮಿಷ ತಡವಾದರೆ ಕೆಂಪು ಶಾಯಿ,
ಹಿಂದಿನವನ ಟೈಮು ತಿಂದರೆ ದಂಡ.
ಡ್ರೈವರುಗಳ ಬಾಯಲ್ಲಿ ನನ್ನ ಮೂರು ತಲೆಮಾರು ಬಂದುಹೋಗಿದೆ.
ಇಷ್ಟು ಟೈಮಿಗೆ ಸರಿಯಾಗಿ ಬರುವ ಒಂದನ್ನು
ಕಂಡದ್ದು ಮಾತ್ರ ಇದೇ ಮೊದಲು.

"ಸ್ಥಿರವಾಗಿದೆ" ಎಂದರು ಮತಾಯಸ್ ಡಾಕ್ಟ್ರು,
ಪರದೆಯ ಮೇಲೆ ಕವಲುಗಳನ್ನು ತೋರಿಸಿ.
ಪಹಣಿಯಲ್ಲಿ ಹೆಸರಿಲ್ಲದವನಿಗೆ
ಸ್ಥಿರ ಎಂದು ಹೇಳಿಕೊಳ್ಳಲು ಕಡೆಗೂ ಒಂದು ಆಸ್ತಿ.
ಬೈಪಾಸ್ ಬೇಡ ಎಂದರು. ನನ್ನ ಕಣ್ಣಿಗೆ ಬಂದದ್ದು
ಕರಾವಳಿ ಸರ್ಕಲ್ಲು, ನಮ್ಮ ಸ್ಟ್ಯಾಂಡಿಗೆ ಬಾರದೆ ದಾಟುವ ಲಾರಿಗಳು.
"ಬ್ಲಾಕಾದದ್ದು ಸಣ್ಣ ಗಲ್ಲಿಗಳು, ಬಲೂನು ಹೋಗುವುದಿಲ್ಲ.
ಮಾತ್ರೆಯೇ ಹೋಗಬೇಕು. ಒಂದರಿಂದ ಆಗದು, ನಾಲ್ಕೈದು ಒಟ್ಟಾಗಿ.
ಎಷ್ಟು ದಿನ ಎಂದು ಕೇಳಬೇಡಿ."
ನಾನು ಕೇಳಿದೆ.
ಚೀಟಿಯ ಕೆಳಗೆ ಒಂದು ಗೆರೆ ಎಳೆದು
ತುದಿಗೆ ಬಾಣ ಹಾಕಿದರು.

ಜಲಜಾಕ್ಷಿ ಅಟ್ಟದಿಂದ ಚೆನ್ನೆಮಣೆ ಇಳಿಸಿದಳು.
ಈಚೆಯ ಏಳು ಗುಳಿ ಬೆಳಗು, ಆಚೆಯ ಏಳು ರಾತ್ರಿ.
ಮಂಜೊಟ್ಟಿ ಕಾಯಿ ಡಬ್ಬಿಗೆ ಸುರಿದು
ಬೆಳಗಿನ ಗುಳಿಗೆ ನಾಲ್ಕು ಗುಳಿಗೆ, ಆಟದ ಲೆಕ್ಕವೇ:
ಎದೆಯ ಗೇರು ಇಳಿಸುವುದೊಂದು,
ನಾಳ ಅಗಲ ಮಾಡುವುದೊಂದು,
ರಕ್ತ ಹೆಪ್ಪಾಗದಂತೆ ಕಾಯುವುದು ಮತ್ತೊಂದು.
ಬಿಳಿಯದು ಯಾಕೆಂದು ಇನ್ನೂ ನನಗೆ ಗೊತ್ತಿಲ್ಲ.
ರಾತ್ರಿಯ ಕೊಬ್ಬಿನ ಮಾತ್ರೆ ಅರ್ಧ. ಅಡಿಕೆ ಕತ್ತರಿಯಲ್ಲಿ ತುಂಡರಿಸಿ
ಬೆರಳಿನ ಹುಡಿಯನ್ನು ಸೆರಗಿಗೆ ಒರೆಸುತ್ತಾಳೆ.
ಆಟಿ ಮುಗಿದ ಮೇಲೆ ಚೆನ್ನೆ ಮುಟ್ಟಬಾರದು ಎನ್ನುತ್ತಿದ್ದಳು ನನ್ನ ತಾಯಿ.
ಈಗ ಹನ್ನೆರಡು ತಿಂಗಳೂ ಆಟಿ.

ಮೊದಲ ತಿಂಗಳು ತಲೆ ಸಿಡಿಯಿತು,
ಮಲ್ಪೆ ಧಕ್ಕೆಯ ಐಸ್ ಒಡೆಯುವವನು
ಬುರುಡೆಯೊಳಗೆ ಕೂತ ಹಾಗೆ. ಆಮೇಲೆ ಅವನೂ ಕೆಲಸ ಬಿಟ್ಟ.
ಮಧ್ಯಾಹ್ನ ಮೂರರದ್ದು ಮಾತ್ರ ಅಂಗಿಯ ಕಿಸೆಯಲ್ಲಿ,
ಪೆನ್ನಿದ್ದ ಜಾಗದಲ್ಲಿ, ನಾಲಿಗೆಯಡಿಯದರ ಕಂದು ಬಾಟಲಿಯ ಪಕ್ಕ.
ರಾತ್ರಿ ಅದಕ್ಕೆ ಟ್ರಿಪ್ಪಿಲ್ಲ.
ಹಗಲಿರುಳು ಓಡಿದರೆ ನಾಳಗಳು ಹಾರ್ನಿಗೆ ಕಿವುಡಾಗುತ್ತವಂತೆ.
ಕೊನೆಯ ಬಸ್ಸು ಹೋದಮೇಲೆ
ಸ್ಟ್ಯಾಂಡಿನ ನಡುವೆ ನಾಯಿ ಬಂದು ಮಲಗುವ ಹೊತ್ತು ಅದು.
ನನಗೆ ಗೊತ್ತಿದೆ.

ಡ್ರೈವರ್ ಇದಿನಬ್ಬನದ್ದೂ ಇದೇ ಚೀಟಿ.
"ನೋವೇ ಇಲ್ಲವಲ್ಲ ಮಾರಾಯ, ಮತ್ತೆ ಮಾತ್ರೆ ಯಾರಿಗೆ?" ಎಂದು
ಒಂದು ಶುಕ್ರವಾರ ಎಲ್ಲವನ್ನೂ ಒಟ್ಟಿಗೆ ಬಿಟ್ಟ.
ಮುಂದಿನದ್ದು ಬರೆಯುವುದಿಲ್ಲ.
ಅವನ ಟ್ರಿಪ್ ಶೀಟಿಗೆ ಒಮ್ಮೆಯೂ
ಕೆಂಪು ಶಾಯಿ ಮುಟ್ಟಿಸಿರಲಿಲ್ಲ ನಾನು.

ಆರನೇ ತಿಂಗಳು. ಎಂಟನೇ ಕಂಬದಲ್ಲಿ ಯಾರೂ ಇಲ್ಲ.
ನಿಂತೆ. ಹಿಂದೆ ತಿರುಗಿ ನೋಡಿದೆ. ವಾಚು ನೋಡಿದೆ.
ಒಂಬತ್ತು.
ಹತ್ತು.
ಹನ್ನೊಂದರಲ್ಲಿ, ಗೂಡಂಗಡಿಯ ನೆರಳಿನಿಂದ
ಮೆಲ್ಲಗೆ ಕೈ ಎತ್ತಿತು.
ಮೂರು ಕಂಬ. ಅಷ್ಟೇ ಲಾಭ.
ಕಂಬಕ್ಕೆ ಎಷ್ಟು ರೂಪಾಯಿ ಬಿತ್ತೆಂದು ಲೆಕ್ಕ ಹಾಕಿ
ನಗಾಡಿದಳು ಜಲಜಾಕ್ಷಿ, ಆಮೇಲೆ
ಉಳಿದ ಮಾತ್ರೆ ಎಣಿಸಿದಳು.

ಡಾಕ್ಟ್ರು ಹೇಳಿದ್ದು ಇಷ್ಟು:
"ಹತ್ತುವಾಗ ಬಂದರೆ ಬರಲಿ. ಕೂತಲ್ಲಿ, ಮಲಗಿದಲ್ಲಿ,
ಟೈಮು ಬಿಟ್ಟು ಬಂದ ದಿನ
ನೀವು ಟೈಮು ನೋಡುತ್ತಾ ಕೂರಬೇಡಿ."

ಹಾಗಾಗಿ ಹನ್ನೊಂದನೇ ಕಂಬದಲ್ಲಿ ಅದನ್ನು ಕಂಡರೆ
ಈಗ ಸಿಟ್ಟು ಬರುವುದಿಲ್ಲ.
ಬಂದೆಯಾ, ಎನ್ನುತ್ತೇನೆ.
ಕಂಬಕ್ಕೆ ಒರಗಿ, ಇಲ್ಲದ ಪುಸ್ತಕದಲ್ಲಿ
ನೀಲಿ ಶಾಯಿಯಿಂದ ಬರೆದುಕೊಳ್ಳುತ್ತೇನೆ.